ನೋಹನ ಮಕ್ಕಳು: ಬೈಬಲ್ಲಿನ ವಂಶಾವಳಿಗಳನ್ನು ಓದುವ ಬಗೆ

ಬೈಬಲ್ಲನ್ನು ಮೊದಲ ಪುಟದಿಂದ ಓದತೊಡಗಿದವರು ಬೇಸತ್ತು ಹಾಳೆ ಮಗುಚುವುದು ಸಾಮಾನ್ಯವಾಗಿ ಅದರ ವಂಶಾವಳಿಗಳಲ್ಲಿ. ಇಂಥವನು ಇಂಥವನನ್ನು ಪಡೆದನೆಂದು ಸಾಗುವ ಈ ಪಟ್ಟಿಗಳು ಆದಿಕಾಂಡದ ಆರಂಭದ ಅಧ್ಯಾಯಗಳಲ್ಲಿ, ಪೂರ್ವಕಾಲವೃತ್ತಾಂತದ ಮೊದಲ ಒಂಬತ್ತು ಅಧ್ಯಾಯಗಳಲ್ಲಿ, ರೂತಳ ಕಥೆಯ ಕೊನೆಯಲ್ಲಿ, ಮತ್ತಾಯ ಹಾಗೂ ಲೂಕರ ಸುವಾರ್ತೆಗಳಲ್ಲಿ ಬರುತ್ತವೆ. ಯೆಹೂದ್ಯರೂ ಕ್ರೈಸ್ತರೂ ಇವುಗಳಲ್ಲಿ ಆಧ್ಯಾತ್ಮಿಕ ಅರ್ಥವನ್ನು ಎರಡು ಸಾವಿರ ವರ್ಷಗಳಿಂದ ಹುಡುಕುತ್ತ ಬಂದಿದ್ದಾರೆ. ಆ ಅರ್ಥ ಹೆಸರುಗಳಲ್ಲಿ ಹುದುಗಿದ ಗುಪ್ತ ಸಂಕೇತಗಳಲ್ಲಿ ಇರುವುದಕ್ಕಿಂತ ಹೆಚ್ಚಾಗಿ, ಪಟ್ಟಿ ಯಾರನ್ನು ಒಳಗೆ ಕರೆದುಕೊಂಡಿದೆ, ಯಾರನ್ನು ಹೊರಗೆ ಬಿಟ್ಟಿದೆ ಎಂಬುದರಲ್ಲಿ ಇದೆ.

ಆದಾಮನಿಂದ ನೋಹನವರೆಗಿನ ಹತ್ತು ತಲೆಮಾರುಗಳನ್ನು ಹೇಳುವ ಆದಿಕಾಂಡದ 5ನೆಯ ಅಧ್ಯಾಯದಲ್ಲಿ ಮೆತೂಷೆಲಹನು 969 ವರ್ಷ ಬದುಕಿದನೆಂಬಂಥ ನಂಬಲಾಗದ ಆಯುಷ್ಯಗಳು ಬರುತ್ತವೆ. ಇವುಗಳ ಪಕ್ಕದಲ್ಲಿ ಪ್ರಾಚೀನ ಮೆಸೊಪೊಟೇಮಿಯದ ಸುಮೇರಿಯನ್ ರಾಜಾವಳಿಯನ್ನು ಇಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಆಕ್ಸ್‌ಫರ್ಡಿನ ಆಶ್ಮೋಲಿಯನ್ ಸಂಗ್ರಹಾಲಯದಲ್ಲಿರುವ ಮಣ್ಣಿನ ಪಟ್ಟಕದ ಮೇಲೆ ಕೊರೆದಿರುವ ಆ ಪಟ್ಟಿಯ ಪ್ರಕಾರ ಅರಸೊತ್ತಿಗೆ ಸ್ವರ್ಗದಿಂದ ಇಳಿದು ಬಂದಿತು, ಜಲಪ್ರಳಯಕ್ಕೆ ಮುಂಚಿನ ಮೊದಲ ಅರಸ ಅಲುಲಿಮ್ 28,800 ವರ್ಷ ಆಳಿದನು. ಆದಿಕಾಂಡದ ಪಟ್ಟಿಯಲ್ಲಾದರೋ ಒಬ್ಬ ಅರಸನೂ ಇಲ್ಲ. ಅಲ್ಲಿರುವವರು ಮಕ್ಕಳನ್ನು ಪಡೆದು, ವಯಸ್ಸಾಗಿ, ಸತ್ತ ಮನುಷ್ಯರು, ಮತ್ತು ನೋಹನಿಗೆ ಮುಂಚಿನವರ ಸಾವನ್ನು ಆ ಅಧ್ಯಾಯ ಒಬ್ಬೊಬ್ಬರ ಹೆಸರಿನ ಕೊನೆಗೂ ತಪ್ಪದೆ ಹೇಳುತ್ತದೆ. ದೇವರೊಡನೆ ನಡೆದನೆಂದು ಹೇಳಲಾಗುವ, ಆದಾಮನಿಂದ ಏಳನೆಯವನಾದ ಹನೋಕನೊಬ್ಬನ ವಿಷಯದಲ್ಲಿ ಮಾತ್ರ ಆ ಮಾತು ಬರುವುದಿಲ್ಲ. ಈ ಆಯುಷ್ಯಗಳನ್ನೆಲ್ಲ ಕೂಡಿಸಿ ಲೆಕ್ಕ ಹಾಕಿದ ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್ ಲೋಕಸೃಷ್ಟಿ ಕ್ರಿ.ಪೂ. 4004ರಲ್ಲಿ ಆಯಿತೆಂದು 1650ರಲ್ಲಿ ಪ್ರಕಟಿಸಿದನು. ಪರಿಶ್ರಮ ದೊಡ್ಡದು, ಆದರೆ ಆ ಅಧ್ಯಾಯ ಹೇಳಹೊರಟದ್ದು ಕಾಲಗಣನೆಯನ್ನಲ್ಲ.

ಜನಾಂಗಗಳ ಹುಟ್ಟಿನ ಪಟ್ಟಿಯೆಂದು ಹೆಸರಾದದ್ದು ಆದಿಕಾಂಡದ 10ನೆಯ ಅಧ್ಯಾಯ. ಪ್ರಳಯದಿಂದ ಉಳಿದ ನೋಹನ ಮೂವರು ಮಕ್ಕಳಾದ ಯೆಫೆತ್, ಹಾಮ್ ಮತ್ತು ಶೇಮ್ ಇವರಿಂದ ಲೋಕದ ಜನಾಂಗಗಳೆಲ್ಲ ಕವಲೊಡೆದ ಬಗೆಯನ್ನು ಅದು ಹೇಳುತ್ತದೆ. ಯೆಫೆತನ ಕಡೆ ಮೇದ್ಯರ ಮೂಲನಾದ ಮಾದಯ, ಗ್ರೀಕರ ಮೂಲನಾದ ಯಾವಾನ್ (ಭಾರತೀಯ ಭಾಷೆಗಳ ‘ಯವನ’ ಶಬ್ದವೂ ಇದೇ ಬಳ್ಳಿಯದು) ಮೊದಲಾದವರಿದ್ದರೆ, ಹಾಮನ ಕಡೆ ಈಜಿಪ್ಟ್, ಕೂಷ್ ಮತ್ತು ಕಾನಾನ್, ಶೇಮನ ಕಡೆ ಅಶ್ಶೂರ್, ಅರಾಮ್, ಏಲಾಮ್ ಇದ್ದಾರೆ. ಇವು ವ್ಯಕ್ತಿಗಳ ಹೆಸರುಗಳೆಂದು ಭಾವಿಸಿ ಮುಂದೆ ಹೋದವರಿಗೆ ಕಾನಾನನ ಚೊಚ್ಚಲ ಮಗನೆಂದು ಚೀದೋನ್ ಎಂಬ ಬಂದರು ಪಟ್ಟಣವೂ, ಅವನ ಬೆನ್ನಿಗೆ ಯೆಬೂಸಿಯರು, ಅಮೋರಿಯರು ಎಂಬ ಇಡೀ ಜನಗಳೂ ಎದುರಾಗುತ್ತಾರೆ. ಇನ್ನೂ ಸೋಜಿಗವೆಂದರೆ ಶೆಬಾ ಮತ್ತು ಹವೀಲ ಎಂಬ ಹೆಸರುಗಳು ಹಾಮನ ಕವಲಿನಲ್ಲೊಮ್ಮೆ, ಶೇಮನ ಕವಲಿನಲ್ಲೊಮ್ಮೆ ಕಾಣಿಸಿಕೊಳ್ಳುತ್ತವೆ. ಹೀಬ್ರೂವಿಗೆ ತೀರ ಹತ್ತಿರದ ನುಡಿಯನ್ನಾಡುತ್ತಿದ್ದ ಕಾನಾನ್ಯರು ಹಾಮನ ಪಾಲಿಗೆ ಬಂದಿದ್ದಾರೆ, ಹೀಬ್ರೂವಿಗೆ ಯಾವ ನಂಟೂ ಇಲ್ಲದ ನುಡಿಯವರಾದ ಏಲಾಮ್ಯರು ಶೇಮನ ಮಕ್ಕಳೆನಿಸಿದ್ದಾರೆ. ಹೀಗೆ ಒಂದೇ ಜನಕ್ಕೆ ಇಬ್ಬರು ಮೂಲಪುರುಷರನ್ನು ಒಪ್ಪಿಕೊಳ್ಳುವ ಪಟ್ಟಿಗೆ ರಕ್ತಸಂಬಂಧದ ದಾಖಲೆಯಾಗುವ ಹಂಬಲ ಇದ್ದಂತಿಲ್ಲ. ನೆರೆಹೊರೆ, ವ್ಯಾಪಾರ, ಆಳ್ವಿಕೆಗಳ ನಂಟನ್ನೂ ಅದು ತಂದೆಮಕ್ಕಳ ಭಾಷೆಯಲ್ಲಿಯೇ ಹೇಳುತ್ತದೆ.

ಯೆಹೂದಿ ಸಂಪ್ರದಾಯ ಈ ಅಧ್ಯಾಯದ ಜನಾಂಗಗಳನ್ನು 70 ಎಂದು ಎಣಿಸುತ್ತದೆ, ಮತ್ತು ಆ ಎಪ್ಪತ್ತರಲ್ಲಿ ಇಸ್ರಾಯೇಲ್ ಇಲ್ಲ. ಪ್ರಾಚೀನ ಜನಗಳು ತಮ್ಮ ಮೂಲವನ್ನು ಹೇಳುವಾಗ ಸಾಮಾನ್ಯವಾಗಿ ತಮ್ಮನ್ನು ಲೋಕದ ನಡುವೆ ನಿಲ್ಲಿಸಿಕೊಳ್ಳುತ್ತಿದ್ದರು. ಇಲ್ಲಿಯಾದರೋ ಪಟ್ಟಿ ಬರೆದವರ ಜನವೇ ಪಟ್ಟಿಯಲ್ಲಿ ಕಾಣುವುದಿಲ್ಲ. ಅವರ ಮೂಲಪುರುಷ ಅಬ್ರಹಾಮನು ಮುಂದಿನ ಅಧ್ಯಾಯದ ಕೊನೆಗೆ, ಜನಾಂಗಗಳೆಲ್ಲ ನೆಲೆಗೊಂಡ ಮೇಲೆ, ತಡವಾಗಿ ಬಂದ ಅತಿಥಿಯಂತೆ ಪ್ರವೇಶಿಸುತ್ತಾನೆ, ಮತ್ತು ಅವನ ಮೂಲಕ ಭೂಮಿಯ ಕುಲಗಳೆಲ್ಲ ಆಶೀರ್ವಾದ ಪಡೆಯುವುವೆಂಬ ವಾಗ್ದಾನ ಅವನಿಗೆ ದೊರೆಯುವುದು ಆ ಪಟ್ಟಿಯ ಬೆನ್ನಿಗೇ. ಈ ಸೂಚನೆಯನ್ನು ಯೆಹೂದಿ ಗುರುಗಳು ಚೆನ್ನಾಗಿ ಗ್ರಹಿಸಿದ್ದರು. ಪರ್ಣಶಾಲೆಗಳ ಹಬ್ಬದ ಏಳು ದಿನಗಳಲ್ಲಿ ಮೊದಲ ದಿನ ಹದಿಮೂರು, ಮರುದಿನ ಹನ್ನೆರಡು ಎಂದು ಇಳಿಯುತ್ತ ಬಲಿಯಾಗುತ್ತಿದ್ದ ಹೋರಿಗಳು ಒಟ್ಟು 70 ಆಗುತ್ತವೆ. ಇವು ಎಪ್ಪತ್ತು ಜನಾಂಗಗಳ ಸಲುವಾಗಿ ಅರ್ಪಿತವಾದವುಗಳೆಂದು ತಾಲ್ಮುದ್ ಎಂಬ ಅವರ ಬೃಹತ್ ಧರ್ಮಗ್ರಂಥ ಹೇಳುತ್ತದೆ. ಅದಕ್ಕೂ ಹಿಂದಿನ ಮಿಷ್ನಾ ಎಂಬ ಸಂಗ್ರಹವು, ನನ್ನ ಮೂಲಪುರುಷ ನಿನ್ನವನಿಗಿಂತ ದೊಡ್ಡವನೆಂದು ಯಾರೂ ಹೇಳಿಕೊಳ್ಳದಿರಲೆಂದೇ ದೇವರು ಮೊದಲಿಗೆ ಒಬ್ಬನೇ ಮನುಷ್ಯನನ್ನು ಸೃಷ್ಟಿಸಿದನೆಂದು ವಿವರಿಸುತ್ತದೆ.

ಹೆಸರುಗಳನ್ನೇ ರೂಪಕಗಳೆಂದು ಓದಿದ ಪಂಥವೂ ಒಂದಿದೆ. ಒಂದನೆಯ ಶತಮಾನದ ಅಲೆಕ್ಸಾಂಡ್ರಿಯದ ತತ್ತ್ವಜ್ಞಾನಿ ಫೈಲೋ, ಎನೋಷನಲ್ಲಿ ನಿರೀಕ್ಷೆಯನ್ನೂ ಹನೋಕನಲ್ಲಿ ಪಶ್ಚಾತ್ತಾಪವನ್ನೂ ನೋಹನಲ್ಲಿ ನೀತಿಯನ್ನೂ ಕಂಡನು. ಹದಿನೆಂಟನೆಯ ಶತಮಾನದ ಸ್ವೀಡನ್ನಿನ ಇಮ್ಯಾನ್ಯುಯೆಲ್ ಸ್ವೀಡನ್‌ಬೋರ್ಗ್ ಇನ್ನೂ ಮುಂದೆ ಹೋಗಿ, 10ನೆಯ ಅಧ್ಯಾಯದ ಜನಾಂಗಗಳೆಲ್ಲ ಆರಾಧನೆಯ ಬೇರೆಬೇರೆ ಬಗೆಗಳೆಂದನು. ಇಂಥ ಓದು ಸಾಧಕನ ಅಂತರಂಗಕ್ಕೆ ಒದಗೀತು, ಆದರೆ ಇದರಲ್ಲಿ ಓದುಗ ಬಯಸಿದ ಅರ್ಥವನ್ನು ತಡೆಯುವ ಅಡ್ಡಿ ಏನೂ ಉಳಿಯುವುದಿಲ್ಲ.

ಅಡ್ಡಿಯಿಲ್ಲದ ಓದು ಎಷ್ಟು ಅಪಾಯಕಾರಿಯೆಂಬುದಕ್ಕೆ ಹಾಮನ ಹೆಸರೇ ಸಾಕ್ಷಿ. ಕುಡಿದು ಮಲಗಿದ್ದ ತಂದೆಯನ್ನು ಹಾಮನು ಬೆತ್ತಲೆಯಾಗಿ ಕಂಡ ಪ್ರಸಂಗದಲ್ಲಿ ನೋಹನು ಶಪಿಸುವುದು ಹಾಮನನ್ನಲ್ಲ, ಅವನ ಮಗ ಕಾನಾನನನ್ನು. ಮೈಬಣ್ಣದ ಪ್ರಸ್ತಾಪ ಅಲ್ಲಿ ಎಲ್ಲಿಯೂ ಇಲ್ಲ. ಆದರೂ ಕರಿಯರೆಲ್ಲ ಶಾಪಗ್ರಸ್ತ ಹಾಮನ ಸಂತಾನವೆಂದು ಸಾರಿ, ಅಮೆರಿಕದ ದಕ್ಷಿಣ ರಾಜ್ಯಗಳ ಬೋಧಕರು ಗುಲಾಮಗಿರಿಯನ್ನು ಸಮರ್ಥಿಸಿದರು. ನೋಹನ ಮಕ್ಕಳ ಚೌಕಟ್ಟಿನಿಂದ ವಿದ್ವಾಂಸರೂ ಹೊರತಾಗಿರಲಿಲ್ಲ. ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ 1792ರಲ್ಲಿ ಜನಾಂಗಗಳ ಮೂಲದ ಬಗ್ಗೆ ಉಪನ್ಯಾಸ ಮಾಡಿದ ವಿಲಿಯಂ ಜೋನ್ಸ್ ಭಾರತೀಯರನ್ನು ಹಾಮನ ಕವಲಿಗೇ ಸೇರಿಸಿದ್ದನು. ಹತ್ತೊಂಬತ್ತನೆಯ ಶತಮಾನದಲ್ಲಿ ಅದೇ ಹೆಸರು ತಿರುವುಮುರುವಾಯಿತು. ಮಧ್ಯ ಆಫ್ರಿಕದ ಆಳುವ ಕುಲಗಳು ಇಥಿಯೋಪಿಯದ ಕಡೆಯಿಂದ ಬಂದ ಶ್ರೇಷ್ಠ ಜನವೆಂದು ಅನ್ವೇಷಕ ಜಾನ್ ಸ್ಪೀಕ್ 1863ರಲ್ಲಿ ಬರೆದನು. ಮುಂದೆ ವಸಾಹತು ಆಡಳಿತಗಾರರು ರುವಾಂಡದ ಟುಟ್ಸಿಗಳನ್ನು ಹಾಮಿಟರೆಂದು ಕರೆದು ಹುಟುಗಳ ಮೇಲೆ ಕೂರಿಸಿದರು. 1992ರಲ್ಲಿ ಅಲ್ಲಿನ ರಾಜಕಾರಣಿಯೊಬ್ಬನು ಟುಟ್ಸಿಗಳನ್ನು ನದಿಯ ದಾರಿಯಲ್ಲಿ ಇಥಿಯೋಪಿಯಕ್ಕೆ ಕಳುಹಿಸಬೇಕೆಂದು ಬಹಿರಂಗವಾಗಿ ಭಾಷಣ ಮಾಡಿದನು, 1994ರಲ್ಲಿ ಲಕ್ಷಗಟ್ಟಲೆ ಟುಟ್ಸಿಗಳು ಕೊಲೆಯಾದರು.

ವಂಶಾವಳಿಯ ಬಳಕೆಯ ಬಗೆಗಿನ ಜಗಳ ಬೈಬಲ್ಲಿನ ಒಳಗೂ ನಡೆದಿದೆ. ಬಾಬಿಲೋನಿನ ಸೆರೆಯಿಂದ ಮರಳಿದವರಲ್ಲಿ ವಂಶಾವಳಿ ತೋರಿಸಲಾಗದ ಕೆಲವು ಮನೆತನಗಳನ್ನು ಯಾಜಕವೃತ್ತಿಯಿಂದ ಹೊರಗಿಟ್ಟರೆಂದು ಎಜ್ರನ ಗ್ರಂಥ ದಾಖಲಿಸುತ್ತದೆ. ಮೋವಾಬ್ಯರು ಹತ್ತನೆಯ ತಲೆಯವರೆಗೂ ದೇವರ ಸಭೆಗೆ ಸೇರಬಾರದೆಂದು ಧರ್ಮೋಪದೇಶಕಾಂಡ ವಿಧಿಸುತ್ತದೆ. ಆದರೆ ರೂತಳ ಗ್ರಂಥವು ಅತ್ತೆಯ ಹಿಂದೆ ಬೇತ್ಲೆಹೇಮಿಗೆ ಬಂದು ಹಕ್ಕಲಾಯ್ದು ಬದುಕಿದ ಮೋವಾಬ್ಯ ವಿಧವೆಯೊಬ್ಬಳ ಕಥೆಯನ್ನು ಹೇಳಿ, ಕೊನೆಗೆ ಹತ್ತು ಹೆಸರುಗಳ ಪಟ್ಟಿಯೊಂದನ್ನು ಮುಂದಿಡುತ್ತದೆ, ಮತ್ತು ಅವಳ ಮೊಮ್ಮಗನ ಮಗ ಅರಸ ದಾವೀದನೆಂಬುದು ಅಲ್ಲಿ ತಿಳಿಯುತ್ತದೆ.

ಯೇಸುವಿನ ವಂಶಾವಳಿಯನ್ನು ಹದಿನಾಲ್ಕರ ಮೂರು ಕಂತುಗಳಾಗಿ ಜೋಡಿಸಲು ಮೂವರು ಅರಸರನ್ನೇ ಬಿಟ್ಟುಬಿಟ್ಟ ಮತ್ತಾಯನು, ಮರಿಯಳಿಗೆ ಮುಂಚಿನ ನಾಲ್ವರು ಸ್ತ್ರೀಯರನ್ನು ಮಾತ್ರ ಬಿಡಲಿಲ್ಲ. ಮಾವನಿಂದಲೇ ಗರ್ಭ ಧರಿಸಿದ ತಾಮಾರ್, ಯೆರಿಕೋವಿನ ವೇಶ್ಯೆ ರಾಹಾಬ್, ಮೋವಾಬಿನ ರೂತ್, ಮತ್ತು ಹೆಸರು ಹೇಳದೆ ಊರೀಯನ ಹೆಂಡತಿಯೆಂದಷ್ಟೇ ಸೂಚಿತಳಾದ ಬತ್ಷೆಬೆ ಅಲ್ಲಿದ್ದಾರೆ. ರಾಹಾಬಳು ಕಾನಾನಿನವಳು, ಊರೀಯನು ಹಿತ್ತಿಯ, ಅವನ ಜನದ ಮೂಲಪುರುಷ ಹೇತನು ಕಾನಾನನ ಮಗನೆಂದು ಆದಿಕಾಂಡದ ಆ 10ನೆಯ ಅಧ್ಯಾಯದಲ್ಲೇ ಇದೆ. ನೋಹನಿಂದ ಶಪ್ತನಾದವನ ಮನೆಯವರು ಹೀಗೆ ಮೆಸ್ಸೀಯನ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತಾರೆ. ಲೂಕನು ಪಟ್ಟಿಯನ್ನು ಅಬ್ರಹಾಮನಲ್ಲಿ ನಿಲ್ಲಿಸದೆ ಆದಾಮನವರೆಗೆ, ದೇವರವರೆಗೆ ಒಯ್ಯುತ್ತಾನೆ. ಅದರಲ್ಲಿ 77 ತಲೆಮಾರುಗಳನ್ನು ಎಣಿಸಿದ ಸಂತ ಆಗಸ್ಟೀನನು ಆ ಸಂಖ್ಯೆಯನ್ನು ಎಲ್ಲ ಪಾಪಗಳ ಕ್ಷಮೆಯ ಗುರುತೆಂದನು.

ಪೌಲನ ಹೆಸರಿನಲ್ಲಿ ತಿಮೊಥೆಯನಿಗೆ ಬರೆದ ಮೊದಲ ಪತ್ರ, ಕೊನೆಯಿಲ್ಲದ ವಂಶಾವಳಿಗಳು ವಿವಾದವನ್ನು ಬೆಳೆಸುತ್ತವೆಯೇ ಹೊರತು ವಿಶ್ವಾಸವನ್ನಲ್ಲ ಎಂದು ಎಚ್ಚರಿಸುತ್ತದೆ, ಮತ್ತು ಆ ಎಚ್ಚರಿಕೆ ನ್ಯಾಯವಾದದ್ದೇ. ಆದರೂ ಮತ್ತಾಯನ ಮೊದಲ ಪುಟವನ್ನು ದಾಟಿ ಹೋಗುವ ಅಭ್ಯಾಸವಿರುವವರು ಒಮ್ಮೆ ತಾಮಾರಳ ಕಥೆಯಿರುವ ಆದಿಕಾಂಡದ 38ನೆಯ ಅಧ್ಯಾಯವನ್ನೂ, ನಾಲ್ಕೇ ಅಧ್ಯಾಯಗಳ ರೂತಳ ಗ್ರಂಥವನ್ನೂ ಓದಿಕೊಂಡು ಆ ಪಟ್ಟಿಗೆ ಬರಬೇಕು. ಅದಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಬೇಕಾಗುವುದಿಲ್ಲ.