ಅರಗಿನ ತಟ್ಟೆಯಲ್ಲಿ ಉಳಿದ ದನಿ

ಥಾಮಸ್ ಎಡಿಸನ್ ಮನುಷ್ಯನ ದನಿಯನ್ನು ಹಿಡಿದಿಡುವ ಯಂತ್ರವನ್ನು ರಚಿಸಿದ್ದು 1877ರ ಕೊನೆಗೆ. ಅಕ್ಕಲಕೋಟೆಯ ಸ್ವಾಮಿ ಸಮರ್ಥರು ಸಮಾಧಿಸ್ಥರಾದದ್ದು 1878ರ ಏಪ್ರಿಲ್‌ನಲ್ಲಿ. ನಡುವೆ ಕೆಲವೇ ತಿಂಗಳ ಅಂತರ. ಸಮರ್ಥರ ದನಿಯನ್ನು ಇಂದು ಯಾರೂ ಕೇಳಲಾರರು. ಅದೇ ಸೀಮೆಯಲ್ಲಿ ಮುಂದಿನ ತಲೆಮಾರುಗಳು ಕೇಳಿ ತಣಿದ ಗಾಯಕ ಗಾಯಕಿಯರ ದನಿ ಮಾತ್ರ ಅರಗಿನ ಕರಿ ತಟ್ಟೆಗಳಲ್ಲಿ ಉಳಿದುಕೊಂಡಿದೆ.

ಅಕ್ಕಲಕೋಟೆ ನಮ್ಮ ಓದುಗರಿಗೆ ಅಪರಿಚಿತ ಹೆಸರಲ್ಲ. 1967ರ ಮಹಾಜನ ವರದಿಯಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡಿನಂತೆಯೇ ಅಕ್ಕಲಕೋಟೆ ತಾಲೂಕನ್ನೂ ಕನ್ನಡನಾಡಿಗೆ ಸೇರಿಸಲು ಶಿಫಾರಸು ಮಾಡಲಾಗಿತ್ತು. ವರದಿ ಜಾರಿಗೆ ಬರಲಿಲ್ಲ. ಕಚೇರಿಯ ಭಾಷೆ ಒಂದು, ಮನೆಮಾತು ಇನ್ನೊಂದು ಎಂಬ ಬಾಳು ಎರಡೂ ಕಡೆ ಮುಂದುವರಿಯಿತು.

ಹಳೆಯ ತಟ್ಟೆಗಳನ್ನು ಕೂಡಿಡುವ ಹವ್ಯಾಸಕ್ಕೆ ಸೊಲ್ಲಾಪುರದಲ್ಲಿ ಒಳ್ಳೆಯ ನೆಲೆಯಿದೆ. ಮುಂಬಯಿಯಲ್ಲಿ 1990ರಲ್ಲಿ ಹುಟ್ಟಿದ 'ಸೊಸೈಟಿ ಆಫ್ ಇಂಡಿಯನ್ ರೆಕಾರ್ಡ್ ಕಲೆಕ್ಟರ್ಸ್' ಸಂಘವು ಸೊಲ್ಲಾಪುರದಲ್ಲೂ ಶಾಖೆ ತೆರೆಯಿತು. 'ದಿ ರೆಕಾರ್ಡ್ ನ್ಯೂಸ್' ಎಂಬ ಅದರ ಪತ್ರಿಕೆ ಈ ವಿಷಯದ ದೊಡ್ಡ ಆಕರವೇ ಸರಿ.

ಇಂಥ ಸಂಗ್ರಹಗಳಲ್ಲಿ ಕನ್ನಡಿಗರು ಹುಡುಕಬೇಕಾದದ್ದು ಬಹಳವಿದೆ. ಗಂಗೂಬಾಯಿ ಹಾನಗಲ್ ಅವರು 1932ರಲ್ಲಿ ಮೊದಲು ಹಾಡಿಕೊಟ್ಟಾಗ ತಟ್ಟೆಯ ಮೇಲೆ ಅಚ್ಚಾದ ಹೆಸರು 'ಗಾಂಧಾರಿ'. ಮಲ್ಲಿಕಾರ್ಜುನ ಮನ್ಸೂರರು ತರುಣರಿದ್ದಾಗಲೇ ನಾಯಿ ಮಾರ್ಕಿನ ತಟ್ಟೆಗಳಿಗೆ ಹಾಡಿದರು. ಬೀಳಗಿಯ ಅಮೀರಬಾಯಿ ಕರ್ನಾಟಕಿ ನಾಡಿನ ಹೆಸರನ್ನೇ ಬೆನ್ನಿಗಿಟ್ಟುಕೊಂಡು ಹಿಂದಿ ಚಿತ್ರರಂಗವನ್ನು ಗೆದ್ದರು. ಹತ್ತಂಗುಲದ ತಟ್ಟೆಯ ಒಂದು ಮಗ್ಗುಲಿಗೆ ಮೂರು ನಿಮಿಷ ಚಿಲ್ಲರೆ ಅವಕಾಶ. ಗಂಟೆಗಟ್ಟಲೆ ಬೆಳೆಸುವ ರಾಗವನ್ನು ಅಷ್ಟರಲ್ಲೇ ಕಟ್ಟಿ ನಿಲ್ಲಿಸಬೇಕಿತ್ತು.

ಸಾಗರದಾಚೆಯ ಜಾಝ್ ಸಂಗೀತದ ಕಥೆಯೂ ಇದೇ. ಅದರ ಮೊದಲ ತಟ್ಟೆ ಹೊರಬಂದದ್ದು 1917ರಲ್ಲಿ. ಮಾ ರೈನಿ ಎಂಬ ಗಾಯಕಿ 1924ರಲ್ಲಿ ಲೂಯಿ ಆರ್ಮ್‌ಸ್ಟ್ರಾಂಗರ ಕಾರ್ನೆಟ್ ಸಾಥಿನೊಡನೆ ಹಾಡಿದ್ದು ಪ್ಯಾರಾಮೌಂಟ್ ಎಂಬ ಕಂಪೆನಿಗೆ. ಆ ಕಂಪೆನಿ ಬಾಗಿಲು ಹಾಕಿತು, ಮೂಲ ಅಚ್ಚುಗಳು ಹಾಳಾದವು. ಇಂದು ಮರುಮುದ್ರಣಗಳಲ್ಲಿ ಆ ಹಾಡುಗಳು ಕೇಳುತ್ತಿವೆಯೆಂದರೆ ಯಾರೋ ಹವ್ಯಾಸಿಗಳು ಮನೆಯಲ್ಲಿ ಉಳಿಸಿಟ್ಟ ಸವೆದ ತಟ್ಟೆಗಳೇ ಕಾರಣ. ಆ ಸಂಗೀತ ನಮ್ಮಲ್ಲಿಗೂ ಬಂದಿತ್ತು. ಮುಂಬಯಿಯ ತಾಜ್ ಹೋಟೆಲಿನಲ್ಲಿ ನುಡಿಸಿದ ಪಿಯಾನೋವಾದಕ ಟೆಡ್ಡಿ ವೆದರ್‌ಫೋರ್ಡ್ 1945ರಲ್ಲಿ ತೀರಿಕೊಂಡದ್ದು ಕಲಕತ್ತೆಯಲ್ಲಿ.

ಮರುಮುದ್ರಣವಿದ್ದರೆ ಹಳೆಯ ತಟ್ಟೆ ಯಾಕೆ ಎಂದು ಕೇಳುವವರಿದ್ದಾರೆ. ಮೊದಲ ಕಾಲದ ತಟ್ಟೆಗಳೆಲ್ಲ ನಿಮಿಷಕ್ಕೆ 78 ಸುತ್ತಿನವಲ್ಲ. 74 ಸುತ್ತಿನಲ್ಲಿ ಮುದ್ರಿಸಿದ್ದನ್ನು 78ರಲ್ಲಿ ತಿರುಗಿಸಿದರೆ ಶ್ರುತಿ ಸುಮಾರು ಅರ್ಧ ಸ್ವರ ಏರುತ್ತದೆ, ಗಾಯಕರ ಕಂಠವೇ ಬೇರೆಯಾಗಿ ಕೇಳುತ್ತದೆ. ಕರಕರ ಸದ್ದನ್ನು ಅತಿಯಾಗಿ ತೊಳೆದರೆ ತಂಬೂರಿಯ ನಾದವೂ ಅದರೊಡನೆ ಹೋಗುತ್ತದೆ. ಇದನ್ನೆಲ್ಲ ಸರಿಪಡಿಸಲು ಮೂಲ ತಟ್ಟೆಯೇ ಬೇಕು.

ತಟ್ಟೆ ಕೈಸೇರಿದವರು ಕೆಲವು ಎಚ್ಚರ ವಹಿಸಬೇಕು. ಸ್ಪಿರಿಟ್ ಹಾಕಿ ಒರೆಸಬಾರದು, ಅರಗು ಕರಗುತ್ತದೆ. ಒಂದರ ಮೇಲೊಂದು ಪೇರಿಸದೆ ನಿಲ್ಲಿಸಿಡಬೇಕು, ಬಿಸಿಲು ತಾಗಬಾರದು. ಕೀಲಿ ಕೊಡುವ ಗ್ರಾಮೋಫೋನಿನಲ್ಲಾದರೆ ಪ್ರತಿ ಮಗ್ಗುಲಿಗೂ ಹೊಸ ಮುಳ್ಳು ಹಾಕಬೇಕು. ಎಲ್.ಪಿ.ಯ ಮುಳ್ಳಿನಿಂದ ನುಡಿಸಬಾರದು. ಹಳೆಯ ತಟ್ಟೆಯ ಗೆರೆ ಅದರ ಮೂರರಷ್ಟು ಅಗಲ. ಚೀಟಿಯ ಸುತ್ತಲಿನ ಕರಿ ಭಾಗದಲ್ಲಿ ಕೊರೆದ ಸಂಖ್ಯೆಯನ್ನು ಬರೆದಿಟ್ಟರೆ ಹಾಡು ಎಂದಿನದು ಎಂಬುದರ ಸುಳಿವು ಸಿಗುತ್ತದೆ.

ಮನೆ ಮುರಿದು ಕಟ್ಟುವಾಗ ಅಟ್ಟದ ತಟ್ಟೆಗಳು ಗುಜರಿಯವನ ಪಾಲಾಗುವುದು ಎಲ್ಲ ಊರಿನ ಮಾತು. ಗಡಿಯಾಚೆ ಈ ಭಯ ಇನ್ನೂ ಹೆಚ್ಚು. ಚೀಟಿಯ ಮೇಲಿನ ಕನ್ನಡ ಓದಬಲ್ಲವರು ಮನೆಯಲ್ಲಿ ಇಲ್ಲವಾದ ದಿನ ಆ ತಟ್ಟೆ ಬರೀ ಕರಿ ಬಿಲ್ಲೆ. ಇದು ಅಕ್ಕಲಕೋಟೆಗೆ ಎಷ್ಟು ನಿಜವೋ ನಮ್ಮೂರಿಗೂ ಅಷ್ಟೇ ನಿಜ. ಅಟ್ಟದ ಮೇಲೆ ಅಜ್ಜನ ಪೆಟ್ಟಿಗೆ ಇದ್ದವರು ಈ ಭಾನುವಾರ ಒಮ್ಮೆ ಇಳಿಸಿ ನೋಡಲಿ.