ನನ್ನ ಬಾಕಿಯನ್ನು ನಾನೇ ಬರೆಯಲಿಲ್ಲ

ನಮ್ಮದು ಗದಗ ಜಿಲ್ಲೆಯ ಎರಿ ಸೀಮೆ. ಮಳೆ ನಂಬಿದ ಆರು ಎಕರೆ ಹೊಲ. ಹಿಂಗಾರಿಗೆ ಜೋಳ, ಕಡಲೆ. ನಾನು ಕಲಿತದ್ದು ಏಳನೇ ಇಯತ್ತೆ. ಆದರೂ ಹತ್ತಾರು ವರ್ಷ ನಮ್ಮ ಓಣಿಯ ಉಳಿತಾಯ ಸಂಘದ ಲೆಕ್ಕ ನನ್ನ ಕೈಯಲ್ಲೇ ಇತ್ತು. ಸಂಘ ಹೇಗೆ ನಡೀತದ, ನಾನು ಎಲ್ಲಿ ತಪ್ಪಿದೆ, ಎರಡನ್ನೂ ಬರೆಯುತ್ತೇನೆ.

ನಾವು 15 ಮಂದಿ. ಅಮಾವಾಸ್ಯೆ ದಿನ ಗಳೆ ಹೂಡುವುದಿಲ್ಲ. ಆ ಸಂಜೆ ಗುಡಿ ಕಟ್ಟೆ ಮೇಲೆ ಕೂಡುತ್ತೇವೆ. ತಲೆಗೆ 100 ರೂಪಾಯಿ. ತಿಂಗಳಿಗೆ 1,500, ವರ್ಷಕ್ಕೆ 18,000. ಅದೇ ಹಣವನ್ನು ನಮ್ಮೊಳಗೇ ಸಾಲ ಕೊಡುತ್ತೇವೆ. ಯಾರಿಗೆ ಎಷ್ಟು ಅನ್ನೋದನ್ನು ಎಲ್ಲರೂ ಕೂಡಿ ತೀರ್ಮಾನ ಮಾಡಬೇಕು. ಹತ್ತೆಕರೆ ಇದ್ದವನದೂ ಒಂದೇ ಮತ, ಒಂದೆಕರೆ ಇದ್ದವನದೂ ಒಂದೇ ಮತ. ಅಡವು ಕೇಳುವುದಿಲ್ಲ, ಇಬ್ಬರ ಜಾಮೀನು ಸಾಕು.

ಬಡ್ಡಿಯ ಲೆಕ್ಕ

10,000 ರೂಪಾಯಿ ಸಾಲ ಅಂತಿಟ್ಟುಕೊಳ್ಳಿ. ನಮ್ಮಲ್ಲಿ ತಿಂಗಳಿಗೆ ನೂರಕ್ಕೆ ಒಂದೂವರೆ ರೂಪಾಯಿ ಬಡ್ಡಿ. ತಿಂಗಳಿಗೆ 1,000ದಂತೆ ಅಸಲು ಕಟ್ಟಿದರೆ ಹತ್ತು ತಿಂಗಳಲ್ಲಿ ಸಾಲ ತೀರುತ್ತದೆ. ಅಸಲು ಇಳಿದ ಹಾಗೆ ಬಡ್ಡಿಯೂ ಇಳಿಯುತ್ತದೆ. ಮೊದಲ ತಿಂಗಳು 150, ಕೊನೆಯ ತಿಂಗಳು 15. ಒಟ್ಟು ಬಡ್ಡಿ 825. ಅದೇ ಸಾಲವನ್ನು ಸಾಹುಕಾರನಲ್ಲಿ ನೂರಕ್ಕೆ ನಾಲ್ಕರಂತೆ ತಂದು, ಅಸಲನ್ನು ಕೊನೆಗೆ ಒಮ್ಮೆಲೇ ಕೊಟ್ಟರೆ ಬಡ್ಡಿಯೇ 4,000. ಆ ಹಣ ಹೋದದ್ದು ಹೋಯಿತು. ನಮ್ಮ 825 ಮಾತ್ರ ನಮ್ಮ ಪೆಟ್ಟಿಗೆಗೇ ಬರುತ್ತದೆ, ಇನ್ನೊಬ್ಬನ ಬೀಜಕ್ಕೆ ಆಗುತ್ತದೆ.

ಇದು ಹೊಸ ವಿದ್ಯೆಯೇನಲ್ಲ. ಹತ್ತೊಂಬತ್ತನೇ ಶತಮಾನದಲ್ಲೇ ಜರ್ಮನಿಯ ರೈಫೈಸನ್ ಎಂಬವರು ಬಡ ರೈತರನ್ನು ಹೀಗೆ ಕೂಡಿಸಿದ್ದರು. ನಮ್ಮ ದೇಶದಲ್ಲಿ 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. ಮರುವರ್ಷ 1905ರಲ್ಲಿ ನಮ್ಮದೇ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಸಂಘ ಹುಟ್ಟಿತು. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಅಂತ ಅದಕ್ಕೆ ಹೆಸರು. ಒಬ್ಬರ ನಡತೆ ಇನ್ನೊಬ್ಬರಿಗೆ ಗೊತ್ತಿರುವುದೇ ಇಂಥ ಸಂಘಗಳ ಬಂಡವಾಳ.

ನಾನು ತಪ್ಪಿದ್ದು

2023ರಲ್ಲಿ ಬರ ಬಿತ್ತು. ಬೀಜ, ಗೊಬ್ಬರಕ್ಕೆ ಅಂತ ಸಂಘದಲ್ಲಿ 20,000 ತೆಗೆದಿದ್ದೆ. ಹಾಕಿದ್ದೂ ಬರಲಿಲ್ಲ. ಮೂರು ಕಂತು ತಪ್ಪಿದವು. ಬಾಕಿದಾರರ ಪಟ್ಟಿ ಬರೆಯುವವ ನಾನೇ. ಉಳಿದವರ ಹೆಸರು ಬರೆದೆ, ನನ್ನದನ್ನು ಬಿಟ್ಟೆ. ಮುಂದಿನ ತಿಂಗಳು ಕಟ್ಟಿದರಾಯಿತು, ಯಾರಿಗೆ ತಿಳೀತದ ಅಂದುಕೊಂಡೆ.

ಸಭೆಯಲ್ಲಿ ಪಟ್ಟಿ ಓದಿದೆ. ಪಕ್ಕದ ಮನೆ ಹುಡುಗ ಎದ್ದು, "ಕಾಕಾ, ನಿಮ್ಮ ಹೆಸರು ಓದಲಿಲ್ಲಲ್ಲರಿ?" ಅಂದ. ತಲೆ ಎತ್ತಲಾಗಲಿಲ್ಲ. ಯಾರೂ ಬೈಯಲಿಲ್ಲ, ಅದೇ ಹೆಚ್ಚು ನೋವಾಯಿತು. ಆದರೆ ಮರುತಿಂಗಳು ನಾಲ್ವರು ಉಳಿತಾಯದ ಹಣ ತರಲಿಲ್ಲ. ಲೆಕ್ಕದ ಮೇಲೆ ನಂಬಿಕೆ ಹೋದರೆ ಸಂಘ ಒಡೆಯಲು ಎರಡೇ ಅಮಾವಾಸ್ಯೆ ಸಾಕು.

ಹಿರಿಯರು ಎಲ್ಲರನ್ನೂ ಕರೆದು ಕೂಡಿಸಿದರು. ಹೊಸ ಕಟ್ಟು ಮಾಡಿದೆವು:

1. ಲೆಕ್ಕ ಬರೆಯುವವ ಒಬ್ಬ, ತಾಳೆ ನೋಡುವವರು ಇಬ್ಬರು. ವರ್ಷಕ್ಕೊಮ್ಮೆ ಬದಲು.
2. ಪ್ರತಿ ಸಭೆಯಲ್ಲೂ ಪ್ರತಿಯೊಬ್ಬನ ಉಳಿತಾಯ, ಸಾಲ, ಬಾಕಿ ಗಟ್ಟಿಯಾಗಿ ಓದಬೇಕು.
3. ಪೆಟ್ಟಿಗೆಗೆ ಎರಡು ಕೀಲಿ, ಎರಡು ಮನೆಯಲ್ಲಿ.
4. ಬೆಳೆ ಸಾಲಕ್ಕೆ ತಿಂಗಳಿಗೆ ಬಡ್ಡಿ ಮಾತ್ರ. ಅಸಲು ಸುಗ್ಗಿಗೆ. ಮಳೆ ನಂಬಿದವನಿಗೆ ತಿಂಗಳ ಪಗಾರ ಎಲ್ಲಿಂದ ಬಂತು?

ಮುಂದಿನ ಕಡಲೆ ಸುಗ್ಗಿಗೆ ನನ್ನ ಸಾಲ ತೀರಿತು. ಪುಸ್ತಕ ಈಗ ಆ ಹುಡುಗನ ಕೈಯಲ್ಲಿದೆ.

ರೈತ ಬಂಧುಗಳೇ, ಇನ್ನೊಂದು ಮಾತು. ಬ್ಯಾಂಕಿನ ಠೇವಣಿಗೆ 2020ರಿಂದ ಒಬ್ಬರಿಗೆ 5 ಲಕ್ಷದವರೆಗೆ ವಿಮೆ ಇದೆ. ಊರ ಪತ್ತಿನ ಸಂಘ, ಸೌಹಾರ್ದ ಪತ್ತಿನ ಸಹಕಾರಿಗಳ ಠೇವಣಿಗೆ ಆ ವಿಮೆ ಇಲ್ಲ. ಅದಕ್ಕೇ ಅಲ್ಲಿ ಹಣ ಇಡುವ ಮೊದಲು ಬಡ್ಡಿ ಎಷ್ಟು ಅಂತ ಮಾತ್ರ ಕೇಳಬೇಡಿ. ಸದಸ್ಯರಾಗಿ, ವಾರ್ಷಿಕ ಸಭೆಗೆ ಹೋಗಿ, ಲೆಕ್ಕ ಓದಿಸಿ. ಓದುವವ ಎಷ್ಟೇ ಬೇಕಾದವನಿರಲಿ, ಅವನ ಹೆಸರೂ ಓದಿದನೇ ಕೇಳಿ.