ತಬ್ಬಲಿ ವಾಹನದ ಆರೈಕೆ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಜಾವಾ ಮೋಟಾರು ಸೈಕಲ್ಲುಗಳು ಹೊರಬರತೊಡಗಿದವು. 1973ರಲ್ಲಿ ಅವಕ್ಕೆ ಯೆಜ್ದಿ ಎಂಬ ಹೆಸರಾಯಿತು. 1996ರಲ್ಲಿ ಕಾರ್ಖಾನೆಯೇ ಮುಚ್ಚಿತು. ಹೆತ್ತ ಮನೆಯನ್ನು ಕಳೆದುಕೊಂಡ ಈ ವಾಹನಗಳು ಇಂದಿಗೂ ಓಡುತ್ತಿರುವುದು ಸಾಕಿದವರ ಅಕ್ಕರೆಯಿಂದ.

ಈ ಅಕ್ಕರೆಗೆ ತಿಳಿವೂ ಬೇಕು. ಇದು ಎರಡು ಸ್ಟ್ರೋಕಿನ ಎಂಜಿನ್ನು. ಪೆಟ್ರೋಲಿನೊಡನೆ ಬೆರೆತ ಎಣ್ಣೆಯೇ ಪಿಸ್ಟನ್ನಿಗೂ ಬೇರಿಂಗುಗಳಿಗೂ ಜೀವಾಧಾರ. ಲೀಟರಿಗೆ ಸುಮಾರು 40 ಮಿಲಿಲೀಟರು ಎಂಬುದು ರೂಢಿ. ಕಡಿಮೆಯಾದರೆ ಪಿಸ್ಟನ್ನು ಕಚ್ಚಿಕೊಳ್ಳುತ್ತದೆ. ಹೆಚ್ಚಾದರೆ ಸೈಲೆನ್ಸರಿನಲ್ಲಿ ಮಸಿ ಕಟ್ಟುತ್ತದೆ. ಬಳ್ಳಾರಿಯ ಗಾಂಧಿನಗರದಂತಹ ಬಡಾವಣೆಯಲ್ಲಿ ವಾಸಿಸುವವರಿಗೆ ಇನ್ನೊಂದು ಶತ್ರುವುಂಟು: ಧೂಳು. ಅದು ಏರ್ ಫಿಲ್ಟರನ್ನು ಮುಚ್ಚಿ ಎಂಜಿನ್ನಿನ ಉಸಿರು ಕಟ್ಟಿಸುತ್ತದೆ. ಚೈನಿನ ಎಣ್ಣೆಯೊಡನೆ ಕಲೆತು ಹಲ್ಲುಚಕ್ರಗಳನ್ನು ಸವೆಸುತ್ತದೆ.

ಹಳೆಯ ಪಾಯಿಂಟುಗಳನ್ನು ತೆಗೆಸಿ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸುವವರು ಹಲವರು. ಕಿಡಿ ಬಲವಾಗುತ್ತದೆ, ಎಂಜಿನ್ನು ಬೇಗ ಎಚ್ಚರಗೊಳ್ಳುತ್ತದೆ, ಸರಿಯೆ. ಆದರೆ ಡ್ರಮ್ ಬ್ರೇಕು ಹಳೆಯದೇ ಅಲ್ಲವೆ? ಓಟಕ್ಕೆ ಹಣ ಸುರಿದು, ಸವೆದ ಬ್ರೇಕ್ ಷೂಗಳನ್ನು ಮರೆಯುವುದು ಅಕ್ಕರೆಯಲ್ಲ, ಅವಿವೇಕ. ಹಿಂದಿನ ಸೀಟಿನಲ್ಲಿ ಮಡದಿಯೋ ಮಗುವೋ ಕುಳಿತಿರುವಾಗ ಇದು ಬರಿಯ ಹವ್ಯಾಸದ ಮಾತಾಗಿ ಉಳಿಯುವುದಿಲ್ಲ.

ಬಳ್ಳಾರಿಯಿಂದ ಹಂಪೆಗೆ ಸುಮಾರು 60 ಕಿಲೋಮೀಟರು. ಭಾನುವಾರದ ಸವಾರಿಗೆ ಅದಕ್ಕಿಂತ ಸೊಗಸಾದ ದಾರಿ ಬೇಕಿಲ್ಲ. ಹೊರಡುವ ಮುನ್ನ ಬ್ರೇಕು, ಚೈನು, ಕ್ಲಚ್ ಕೇಬಲ್ಲುಗಳನ್ನು ನೋಡಿರಿ. ಚೀಲದಲ್ಲೊಂದು ಸ್ಪಾರ್ಕ್ ಪ್ಲಗ್ ಇರಲಿ. ಹಳೆಯ ವಾಹನದ ನಿಜವಾದ ಹೆಮ್ಮೆ ಅದರ ವೇಗದಲ್ಲಿಲ್ಲ, ಸಂಜೆಗೆ ಎಲ್ಲರನ್ನೂ ಸುಖವಾಗಿ ಮನೆಗೆ ಮುಟ್ಟಿಸುವುದರಲ್ಲಿದೆ.